ಅಂಡಮಾನಿಗೆ ಇಬ್ಬರು ಹೊರಡುವಾಗ: ಮೊದಲು ಹಡಗು, ಆಮೇಲೆ ಇಳಿತ, ಕೊನೆಗೆ ಹೋಟೆಲ್

ಹೊಸದಾಗಿ ಮದುವೆಯಾದವರಿರಲಿ, ಮಕ್ಕಳನ್ನು ಅಜ್ಜಿ ಮನೆಗೆ ಬಿಟ್ಟು ಹೊರಟವರಿರಲಿ, ಅಂಡಮಾನ್ ಅಂದ ಕೂಡಲೇ ಎಲ್ಲರೂ ಹೋಟೆಲ್ ಹುಡುಕಲು ಕೂರುತ್ತಾರೆ. ಏಜೆಂಟರು ವಾಟ್ಸಾಪ್‌ನಲ್ಲಿ ಕಳಿಸುವುದೂ ಅದನ್ನೇ: ಹಾಸಿಗೆ ಮೇಲೆ ಹೂವಿನ ಅಲಂಕಾರ, ಮರಳಿನ ಮೇಲೆ ಮೇಣದಬತ್ತಿ ಹಚ್ಚಿದ ಊಟದ ಮೇಜು. ಅಲ್ಲಿಗೆ ಇಳಿದ ಮೇಲೆ ನಿಮ್ಮ ದಿನವನ್ನು ನಡೆಸುವುದು ಬೇರೆ ಮೂರು ಸಂಗತಿಗಳು. ಹಡಗು ಎಷ್ಟು ಹೊತ್ತಿಗೆ ಬಿಡುತ್ತದೆ, ಕಡಲು ಎಷ್ಟು ಹೊತ್ತಿಗೆ ಇಳಿಯುತ್ತದೆ, ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ. ಈ ಮೂರನ್ನು ಹಾಳೆಯ ಮೇಲೆ ಬರೆದುಕೊಂಡು ಆಮೇಲೆ ರೂಮ್ ಬುಕ್ ಮಾಡಿದವರ ಪ್ರವಾಸ ಸಲೀಸಾಗಿ ನಡೆಯುತ್ತದೆ. ರೂಮ್ ಮೊದಲು ಬುಕ್ ಮಾಡಿದವರು ಅರ್ಧ ದಿನಗಳನ್ನು ಜೆಟ್ಟಿಯಲ್ಲಿ ಕಳೆಯುತ್ತಾರೆ.

ಮೊದಲು ಹೆಸರುಗಳ ವಿಷಯ ಮುಗಿಸಿಬಿಡೋಣ, ಟಿಕೆಟ್ ಮಾಡಿಸುವಾಗ ಗೊಂದಲವಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ಹ್ಯಾವ್ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ಅವರ ಹೆಸರು ಬಂತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಹಡಗಿನ ಟಿಕೆಟ್, ಸರ್ಕಾರಿ ಬೋರ್ಡುಗಳಲ್ಲಿ ಹೊಸ ಹೆಸರು ಕಾಣಬಹುದು, ಆಟೋದವರ ಬಾಯಲ್ಲಿ ಹಳೆಯದೇ ಇದೆ. ಎರಡೂ ತಿಳಿದಿರಲಿ. ಈ ಬರಹದಲ್ಲಿ ಹಳೆ ಹೆಸರನ್ನೇ ಬಳಸುತ್ತೇನೆ, ಹುಡುಕಲು ಸುಲಭ. ಈ ಎಲ್ಲ ಕಡೆಗೂ ಭಾರತೀಯರಿಗೆ ಪ್ರತ್ಯೇಕ ಪರ್ಮಿಟ್ ಬೇಡ. ಫೋಟೊ ಇರುವ ಗುರುತಿನ ಚೀಟಿಯ ಅಸಲು ಪ್ರತಿ ಮಾತ್ರ ಕೈಯಲ್ಲೇ ಇರಬೇಕು, ಹಡಗು ಹತ್ತುವಾಗಲೂ ಕೇಳುತ್ತಾರೆ.

ಯಾವ ತಿಂಗಳು ಅನ್ನುವುದಕ್ಕೆ ನನ್ನ ಉತ್ತರ ಖಚಿತ: ಜನವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಅಂಡಮಾನಿಗೆ ಮುಂಗಾರು, ಹಿಂಗಾರು ಎರಡೂ ಬಡಿಯುತ್ತವೆ, ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಮುಂಗಾರು ಕೇರಳಕ್ಕೆ ಬರುವ ಮುಂಚೆಯೇ, ಮೇ ಮೂರನೇ ವಾರದ ಹೊತ್ತಿಗೆ ಅಂಡಮಾನ್ ಸಮುದ್ರಕ್ಕೆ ಬಂದಿರುತ್ತದೆ. ನಮ್ಮಲ್ಲಿ ಬೇಸಿಗೆ ರಜೆ ಅಂತ ಮೇ ಕೊನೆಗೆ ಟಿಕೆಟ್ ಮಾಡಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದಸರಾ ರಜೆಯೂ ಅಷ್ಟೇ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುತ್ತಲೇ ಇರುತ್ತವೆ, ಒಂದು ಎದ್ದರೆ ಎರಡು ಮೂರು ದಿನ ಹಡಗುಗಳು ಬಂದ್. ಡಿಸೆಂಬರ್ 20ರಿಂದ ಜನವರಿ 5ರವರೆಗೆ ಹವೆ ಚೆನ್ನಾಗಿದ್ದರೂ ದರ ಒಂದೂವರೆ, ಎರಡು ಪಟ್ಟು ಏರಿರುತ್ತದೆ, ರಾಧಾನಗರ ಬೀಚ್ ಜಾತ್ರೆಯಂತಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ನೀರು ಅಲುಗಾಡದೆ ನಿಂತಿರುತ್ತದೆ, ತಳದ ಮರಳು ಕಾಣುತ್ತದೆ. ಡೈವಿಂಗ್ ಮನಸ್ಸಿನಲ್ಲಿದ್ದರೆ ಇದೇ ಕಾಲ.

ತಿಂಗಳು ಗೊತ್ತಾದ ಮೇಲೆ ದಿನಾಂಕ. ಇಲ್ಲಿ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಬಹಳ ಉಪಯೋಗಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಮೂರು ನಾಲ್ಕು ದಿನ ಭರತ (ಕಡಲಿನ ಉಬ್ಬರ), ಇಳಿತಗಳ ಅಂತರ ದೊಡ್ಡದು, ಪೋರ್ಟ್ ಬ್ಲೇರ್ ಕಡೆ ಸುಮಾರು ಎರಡು ಮೀಟರ್. ಅಷ್ಟಮಿಯ ಆಸುಪಾಸು ಆ ಅಂತರ ಅರ್ಧಕ್ಕೂ ಕಡಿಮೆ. ನೀಲ್ ದ್ವೀಪದ ಕಲ್ಲಿನ ಕಮಾನು ನೋಡಬೇಕು, ಹವಳದ ಬಂಡೆಗಳ ನಡುವಿನ ಕೊಳಗಳಲ್ಲಿ ಸಿಕ್ಕಿಕೊಂಡ ಜೀವಿಗಳನ್ನು ನೋಡಬೇಕು ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ವಾರ ಒಳ್ಳೆಯದು, ನೀರು ತುಂಬಾ ಹಿಂದೆ ಸರಿಯುತ್ತದೆ. ಇನ್ನೊಂದು ಕಾರಣಕ್ಕೆ ಅಮಾವಾಸ್ಯೆಯ ವಾರವನ್ನೇ ನಾನು ಮುಂದಿಡುತ್ತೇನೆ. ಹ್ಯಾವ್ಲಾಕ್‌ನಲ್ಲಿ ರಾತ್ರಿ ಕಯಾಕ್ ಅನ್ನುವ ಚಿಕ್ಕ ಹುಟ್ಟುದೋಣಿ ಹತ್ತಿಸಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನೀರಿಗೆ ಕರೆದೊಯ್ಯುತ್ತಾರೆ. ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುತ್ತದೆ, ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕದಡಿದಾಗ ಹೊರಸೂಸುವ ಬೆಳಕು ಅದು. ಬೆಳದಿಂಗಳಿದ್ದರೆ ಏನೂ ಕಾಣುವುದಿಲ್ಲ. ಹುಣ್ಣಿಮೆಯ ದಿನ ದುಡ್ಡು ಕೊಟ್ಟು ಹೋಗಿ ಮೋಸ ಹೋದೆವು ಅನ್ನುವವರಿದ್ದಾರೆ. ಮೋಸವಿಲ್ಲ, ತಿಥಿ ನೋಡಿಕೊಂಡಿರಲಿಲ್ಲ ಅಷ್ಟೇ. ಚಂದ್ರ ಮುಳುಗಿದ ಮೇಲಿನ ಹೊತ್ತು ಸಿಗುತ್ತದೆಯೇ ಅಂತ ಕೇಳಿ, ಇಲ್ಲದಿದ್ದರೆ ಆ ದುಡ್ಡು ಉಳಿಸಿ.

ಇನ್ನು ಸೂರ್ಯ. ಗಡಿಯಾರ ನಮ್ಮದೇ, ಆದರೆ ಪೋರ್ಟ್ ಬ್ಲೇರ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಪೂರಾ ಒಂದು ಗಂಟೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ 5ಕ್ಕೆ ಸೂರ್ಯ ಮುಳುಗುತ್ತಾನೆ, ಐದೂವರೆಗೆ ಕತ್ತಲು. ಏಪ್ರಿಲ್‌ನಲ್ಲಿ ಬೆಳಿಗ್ಗೆ 5ಕ್ಕೆಲ್ಲ ಬೆಳಕು. ಬೆಂಗಳೂರಿನ ರಜೆಯ ರೂಢಿಯಲ್ಲಿ ಒಂಬತ್ತಕ್ಕೆ ಎದ್ದು ಹನ್ನೊಂದಕ್ಕೆ ತಿಂಡಿ ಮುಗಿಸಿದರೆ ದಿನದ ಅರ್ಧ ಬೆಳಕು ಹೋಯಿತು. ರಾತ್ರಿ ಒಂಬತ್ತಕ್ಕೆ ಮಲಗಿ ಐದಕ್ಕೆ ಎದ್ದುಬಿಡಿ. ಬೆಳಗಿನ ಆರರಿಂದ ಎಂಟರವರೆಗೆ ಬೀಚುಗಳು ಖಾಲಿ, ಬಿಸಿಲು ಹಗುರ, ಇಬ್ಬರೇ ಇರಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಹಡಗಿನ ಲೆಕ್ಕ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ಸುಮಾರು ಎರಡೂವರೆ ಗಂಟೆ, ಚೆನ್ನೈ ಮೇಲೆ ಹೋದರೆ ಅರ್ಧ ದಿನ ಹಿಡಿಯುತ್ತದೆ. ಅಲ್ಲಿಂದ ಹ್ಯಾವ್ಲಾಕ್‌ಗೆ ಖಾಸಗಿ ಹಡಗಿನಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ, ಹ್ಯಾವ್ಲಾಕ್‌ನಿಂದ ನೀಲ್‌ಗೆ ಒಂದು ಗಂಟೆಯ ಆಸುಪಾಸು, ನೀಲ್‌ನಿಂದ ವಾಪಸ್ ಒಂದರಿಂದ ಎರಡು ಗಂಟೆ. ಮಾಕ್ರೂಝ್, ನಾಟಿಕಾ, ಗ್ರೀನ್ ಓಷನ್, ಐಟಿಟಿ ಮೆಜೆಸ್ಟಿಕ್ ಇವು ಓಡುವ ಖಾಸಗಿ ಹಡಗುಗಳು, ಪೋರ್ಟ್ ಬ್ಲೇರ್‌ನ ಹ್ಯಾಡೊ ಧಕ್ಕೆಯಿಂದ ಹೊರಡುತ್ತವೆ. ಸರ್ಕಾರಿ ಹಡಗುಗಳು ಫೀನಿಕ್ಸ್ ಬೇ ಜೆಟ್ಟಿಯಿಂದ. ಎರಡೂ ಬೇರೆ ಬೇರೆ ಜಾಗ, ಆಟೋ ಹತ್ತುವಾಗ ಸರಿಯಾಗಿ ಹೇಳಿ. ಸರ್ಕಾರಿ ಟಿಕೆಟ್ ತೀರಾ ಅಗ್ಗ, ಆದರೆ ಅದು ದ್ವೀಪದ ಜನರ ದಿನನಿತ್ಯದ ಬಸ್ಸು. ಮುಂಗಡ ಬುಕಿಂಗ್ ಕೆಲವೇ ದಿನ ಮೊದಲು ತೆರೆಯುತ್ತದೆ, ಆರು ರಾತ್ರಿಯ ಪ್ರವಾಸವನ್ನು ಅದರ ಮೇಲೆ ಕಟ್ಟಬೇಡಿ. ಖಾಸಗಿಯಲ್ಲಿ ಒಬ್ಬರಿಗೆ ಒಂದು ದಾರಿಗೆ ಅಂದಾಜು ₹1,200ರಿಂದ ₹2,000, ಮೇಲಿನ ದರ್ಜೆಗೆ ಇನ್ನೂ ಹೆಚ್ಚು. ಇಬ್ಬರಿಗೆ ಮೂರು ದಾರಿ ಅಂದರೆ ಆರು ಟಿಕೆಟ್, ಹೆಚ್ಚುಕಡಿಮೆ ₹10,000 ಹಡಗಿಗೇ ಎತ್ತಿಡಿ. ವಿಮಾನದ ಟಿಕೆಟ್ ಆದ ಮರುದಿನವೇ ಇವನ್ನೂ ಮಾಡಿಸಿ.

ಒಂದು ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ. ವಾಪಸ್ ಹೊರಡುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಬೆಳಿಗ್ಗೆ ನೀಲ್‌ನಿಂದ ಹಡಗು ಹಿಡಿದು ಮಧ್ಯಾಹ್ನದ ವಿಮಾನ ಹತ್ತುತ್ತೇವೆ ಅನ್ನುವ ಯೋಜನೆ ಕಾಗದದ ಮೇಲೆ ಚೆಂದ. ಗಾಳಿ ಎದ್ದರೆ ಬಂದರಿನವರು ಹಡಗು ಬಿಡುವುದಿಲ್ಲ, ಯಂತ್ರ ಕೆಟ್ಟರೆ ಎರಡು ಗಂಟೆ ತಡ. ಹಡಗಿನ ದುಡ್ಡು ವಾಪಸ್ ಬರಬಹುದು, ವಿಮಾನದ್ದು ಬರುವುದಿಲ್ಲ. ಹೋಗುವಾಗಲೂ ವಿಮಾನ ಇಳಿಯುವ ಹೊತ್ತಿಗೂ ಹಡಗು ಬಿಡುವ ಹೊತ್ತಿಗೂ ನಾಲ್ಕು ಗಂಟೆ ಇಲ್ಲವಾದರೆ ಮೊದಲ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇಳಿದುಕೊಂಡು ಸೆಲ್ಯುಲರ್ ಜೈಲು ನೋಡಿ. 1896ರಿಂದ 1906ರವರೆಗೆ ಕಟ್ಟಿದ ಆ ಜೈಲಿನ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಒಂದು ಕೋಣೆಯ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ, ಕೈದಿಗಳು ಒಬ್ಬರ ಮುಖ ಒಬ್ಬರು ನೋಡಬಾರದು ಅಂತ. ಆ ಕೋಣೆಯೊಳಗೆ ನಿಂತು ಎತ್ತರದ ಆ ಚಿಕ್ಕ ಕಿಟಕಿಯನ್ನು ನೋಡಿದರೆ ತಿಳಿಯುವಷ್ಟು ಯಾವ ಪಠ್ಯಪುಸ್ತಕದಿಂದಲೂ ತಿಳಿಯದು. ಜೈಲು ಯಾವ ದಿನ ಮುಚ್ಚಿರುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ, ರಾಸ್ ದ್ವೀಪಕ್ಕೆ ಬುಧವಾರ ರಜೆ.

ಹಡಗಿನಲ್ಲಿ ಹೊಟ್ಟೆ ತೊಳಸುವುದು ಸಾಮಾನ್ಯ. ಬಹುತೇಕ ಹಡಗುಗಳು ಎಸಿ ಇರುವ ಮುಚ್ಚಿದ ಡಬ್ಬಿಗಳು, ಹೊರಗೆ ನಿಲ್ಲಲು ಆಗುವುದಿಲ್ಲ; ಗ್ರೀನ್ ಓಷನ್‌ನಲ್ಲಿ ಮೇಲಿನ ಡೆಕ್ಕಿಗೆ ಬಿಡುತ್ತಾರೆ. ಮುಂದಿನ ಸಾಲಿನ ಸೀಟಿಗೆ ಜನ ಮುಗಿಬೀಳುತ್ತಾರೆ, ನೋಟ ಚೆನ್ನಾಗಿರುತ್ತದೆ ಅಂತ. ಹಡಗಿನ ಮೂತಿಯೇ ಹೆಚ್ಚು ಎದ್ದು ಬೀಳುವುದು, ಹಾಗಾಗಿ ಕೆಳಗಿನ ಅಂತಸ್ತಿನಲ್ಲಿ ನಡುವಿನಿಂದ ಸ್ವಲ್ಪ ಹಿಂದಿನ ಸೀಟು ಕೇಳಿ. ಬಸ್ಸಿನಲ್ಲೇ ವಾಂತಿಯಾಗುವವರು ವೈದ್ಯರನ್ನು ಕೇಳಿ ಅವೊಮಿನ್ ಥರದ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಹಡಗು ಓಲಾಡಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ನಿದ್ದೆ ಬರಿಸುವ ಮಾತ್ರೆ ಅದು, ಇಳಿದ ತಕ್ಷಣ ಸ್ಕೂಟರ್ ಓಡಿಸಬೇಡಿ. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ; ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ. ಒಂದು ಮೀಟರಿನ ಒಳಗಿದ್ದರೆ ನಿಶ್ಚಿಂತೆ, ಎರಡರ ಹತ್ತಿರ ಬಂದರೆ ಮಾತ್ರೆ, ಕವರು, ಟವೆಲ್ ಕೈಗೆ ಸಿಗುವಂತಿರಲಿ.

ದಿನಗಳನ್ನು ಹಂಚುವುದು ಹೀಗೆ: ಪೋರ್ಟ್ ಬ್ಲೇರ್ ಒಂದು ರಾತ್ರಿ, ಹ್ಯಾವ್ಲಾಕ್ ಮೂರು, ನೀಲ್ ಒಂದು, ಮತ್ತೆ ಪೋರ್ಟ್ ಬ್ಲೇರ್ ಒಂದು. ಒಂದು ದಿನ ಕಡಿಮೆ ಮಾಡಲೇಬೇಕಾದರೆ ಹ್ಯಾವ್ಲಾಕ್‌ನಲ್ಲಿ ಕಡಿಮೆ ಮಾಡಿ, ನೀಲ್‌ನಲ್ಲಿ ರಾತ್ರಿ ಉಳಿಯುವುದನ್ನು ಬಿಡಬೇಡಿ. ಬಾರಾಟಾಂಗ್‌ನ ಸುಣ್ಣದ ಕಲ್ಲಿನ ಗುಹೆಗಳನ್ನು ಪ್ಯಾಕೇಜಿಗೆ ಸೇರಿಸುತ್ತಾರೆ. ನಾನಾದರೆ ಸೇರಿಸುವುದಿಲ್ಲ. ರಾತ್ರಿ ಮೂರಕ್ಕೆ ಎದ್ದು ಜಿರ್ಕಾಟಾಂಗ್ ಗೇಟಿನಲ್ಲಿ ಸಾಲು ನಿಂತು, ಬೆಂಗಾವಲಿನಲ್ಲಿ ಜಾರವಾ ಆದಿವಾಸಿಗಳ ಮೀಸಲು ಕಾಡಿನ ನಡುವೆ ಹಾದು ಹೋಗಬೇಕು. ಅಲ್ಲಿ ನಿಲ್ಲಿಸುವುದು, ಫೋಟೊ ತೆಗೆಯುವುದು, ಏನಾದರೂ ಕೊಡುವುದು ಅಪರಾಧ. ಹಾಗಿದ್ದರೂ ಜನ ಕಿಟಕಿಗೆ ಕಣ್ಣು ಹಚ್ಚಿ ಕೂತಿರುತ್ತಾರೆ. ಅವರ ಮನೆಯಂಗಳದಲ್ಲಿ ನಾವು ಓಡಾಡದಿರುವುದೇ ಒಳ್ಳೆಯದು.

ಪೂರ್ವದ ದಡ, ಪಶ್ಚಿಮದ ದಡ

ಈಗ ಹೋಟೆಲ್. ಹ್ಯಾವ್ಲಾಕ್‌ನ ರೆಸಾರ್ಟುಗಳು ಹೆಚ್ಚಿನವು ಪೂರ್ವದ ದಡದಲ್ಲಿವೆ: ಮೂರನೇ ನಂಬರ್ ಗೋವಿಂದನಗರ, ಐದನೇ ನಂಬರ್ ವಿಜಯನಗರ. ಫೋಟೊದಲ್ಲಿ ಕಾಟೇಜಿನ ಮೆಟ್ಟಿಲಿಗೆ ಹಸಿರು ನೀಲಿ ನೀರು ತಾಗುತ್ತಿರುತ್ತದೆ. ಆ ಫೋಟೊ ತೆಗೆದದ್ದು ಭರತದ ಹೊತ್ತಿನಲ್ಲಿ. ಇಳಿತವಾದಾಗ ಅದೇ ಜಾಗದಲ್ಲಿ ನೀರು ನೂರಾರು ಮೀಟರ್ ಹಿಂದೆ ಹೋಗಿ, ಕಪ್ಪು ಬಂಡೆ, ಸತ್ತ ಹವಳದ ಚೂರು, ಕೆಸರು ಮರಳು ತೆರೆದುಕೊಳ್ಳುತ್ತದೆ. ಈಜಲು ಆಗುವುದಿಲ್ಲ, ಬರಿಗಾಲಲ್ಲಿ ನಡೆಯಲೂ ಆಗುವುದಿಲ್ಲ. ಸೂರ್ಯೋದಯ, ನೆರಳು, ನಿಶ್ಶಬ್ದ ಬೇಕಾದರೆ ಆ ಕಡೆ ಚೆನ್ನ. ಕೋಣೆಯಿಂದ ಇಳಿದು ಯಾವ ಹೊತ್ತಿನಲ್ಲಾದರೂ ಈಜಬೇಕು ಅಂತ ರಾತ್ರಿಗೆ ಹದಿನೈದು ಸಾವಿರ ಕೊಡುವುದಾದರೆ, ಬುಕ್ ಮಾಡುವ ಮುಂಚೆ ಇಳಿತದ ಹೊತ್ತಿನ ಫೋಟೊ ಕಳಿಸಿ ಅಂತ ಹೋಟೆಲಿನವರನ್ನು ಕೇಳಿ. ಆ ದಡದಲ್ಲಿ ಸಾಧಾರಣ, ಶುಚಿಯಾದ ಎಸಿ ರೂಮ್ ತೆಗೆದುಕೊಂಡು ಈಜಲು ರಾಧಾನಗರಕ್ಕೆ ಹೋಗುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

ರಾಧಾನಗರ ಪಶ್ಚಿಮದ ದಡ, ಏಳನೇ ನಂಬರ್ ಬೀಚ್. ಬಂಡೆಯಿಲ್ಲದ ನುಣುಪು ಮರಳು ನಿಧಾನಕ್ಕೆ ಇಳಿಜಾರಾಗಿ ಒಳಗೆ ಹೋಗುತ್ತದೆ, ಇಳಿತವಾದರೂ ಈಜಬಹುದು. ದಡದುದ್ದಕ್ಕೂ ಸಮುದ್ರ ಮಹುವಾದ ಎತ್ತರದ ಮರಗಳು. ಶುಚಿ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ದೇಶದ ಮೊದಲ ಎಂಟು ಬೀಚುಗಳಲ್ಲಿ ಇದೂ ಒಂದು, ನಮ್ಮ ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ಅದೇ ಪಟ್ಟಿಯಲ್ಲಿದ್ದವು. ಜೆಟ್ಟಿಯಿಂದ 11, 12 ಕಿಲೋಮೀಟರ್. ಚಳಿಗಾಲದಲ್ಲಿ ಸೂರ್ಯಾಸ್ತ ನೋಡಲು ಮೂರೂವರೆಗೇ ಅಲ್ಲಿರಿ. ಕತ್ತಲಾಗುತ್ತಿದ್ದಂತೆ ಕಾವಲಿನವರು ಸೀಟಿ ಊದಿ ನೀರಿನಿಂದ ಎಬ್ಬಿಸುತ್ತಾರೆ. ಎಬ್ಬಿಸುವುದಕ್ಕೆ ಕಾರಣವಿದೆ. ಅಂಡಮಾನಿನ ಕಾಂಡ್ಲಾ ಕಾಲುವೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಅವು ಕಡಲಿನಲ್ಲೂ ಈಜುತ್ತವೆ. 2010ರಲ್ಲಿ ಇದೇ ರಾಧಾನಗರದ ಬಳಿ ಸ್ನಾರ್ಕೆಲಿಂಗ್ (ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲೆ ತೇಲುವುದು) ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಕಾವಲಿರುವ ಜಾಗ ಬಿಟ್ಟು, ಏಕಾಂತ ಸಿಗುತ್ತದೆ ಅಂತ ಹಳ್ಳ ಬಂದು ಸೇರುವ ಕಡೆ ನೀರಿಗೆ ಇಳಿಯಬೇಡಿ. ಕೆಂಪು ಬಾವುಟ ಹಾಕಿದ್ದರೆ ಮೊಣಕಾಲಿನಷ್ಟು ನೀರೂ ಬೇಡ.

ಓಡಾಟಕ್ಕೆ ಸ್ಕೂಟರ್ ಸಾಕು, ದಿನಕ್ಕೆ ₹500ರಿಂದ ₹700, ಪೆಟ್ರೋಲ್ ಬೇರೆ. ತೆಗೆದುಕೊಳ್ಳುವ ಮೊದಲು ಸುತ್ತಲೂ ಗೀರುಗಳ ವಿಡಿಯೊ ಮಾಡಿಕೊಳ್ಳಿ, ಹೆಡ್‌ಲೈಟ್ ಹಾಕಿ ನೋಡಿ. ರಾಧಾನಗರದಿಂದ ವಾಪಸ್ ಬರುವ ದಾರಿಯ ಬಹುಭಾಗಕ್ಕೆ ಬೀದಿ ದೀಪವಿಲ್ಲ, ತಿರುವುಗಳಲ್ಲಿ ದನ ಮಲಗಿರುತ್ತವೆ.

ಮರಳು ನೊಣದ ವಿಷಯ ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ. ಬೆಳಿಗ್ಗೆ, ಸಂಜೆ ಒದ್ದೆ ಮರಳಿನ ಮೇಲೆ ಏಳುವ ಸಾಸಿವೆಗಿಂತ ಚಿಕ್ಕ ಹುಳ. ಕಚ್ಚಿದ್ದು ಆಗ ಗೊತ್ತಾಗದು; ಮರುದಿನ ಕಾಲು ತುಂಬ ಕೆಂಪು ಗುಳ್ಳೆ, ಒಂದು ವಾರ ತುರಿಕೆ. ಕಾಲಿಗೆ ಕೈಗೆ ಕೊಬ್ಬರಿ ಎಣ್ಣೆಯನ್ನು ಸ್ವಲ್ಪ ದಪ್ಪಗೇ ಹಚ್ಚಿಕೊಂಡರೆ ಅವು ಚರ್ಮ ಮುಟ್ಟುವುದು ಕಡಿಮೆ. ಮರಳಿನ ಮೇಲೆ ನೇರವಾಗಿ ಕೂರದೆ ಚಾಪೆ ಅಥವಾ ದಪ್ಪ ಲುಂಗಿ ಹಾಸಿ. ಕೆರೆದು ಗಾಯ ಮಾಡಿಕೊಂಡರೆ ಉಪ್ಪುನೀರಿನಲ್ಲಿ ಕೀವಾಗುತ್ತದೆ. ಕ್ಯಾಲಮೈನ್ ಲೋಷನ್ ಮನೆಯಿಂದಲೇ ಒಯ್ಯಿರಿ.

ಈಜು ಬಾರದವರ ಡೈವಿಂಗ್

ಹ್ಯಾವ್ಲಾಕ್‌ಗೆ ಹೋಗಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿ ಇಳಿಯುವ ಡೈವಿಂಗ್, ಮಾಡದೆ ಬರುವುದು ಬೇಡ. ಈಜು ಬರಬೇಕಾಗಿಲ್ಲ. ಮೊದಲ ಸಲದವರನ್ನು ಗರಿಷ್ಠ 12 ಮೀಟರ್ ಆಳದೊಳಗೆ, ತರಬೇತುದಾರರೇ ಹಿಡಿದುಕೊಂಡು ಕರೆದೊಯ್ಯುತ್ತಾರೆ. ದಡದಿಂದ ಇಳಿಸುವುದಾದರೆ ಒಬ್ಬರಿಗೆ ಅಂದಾಜು ₹3,500ರಿಂದ ₹5,000, ದೋಣಿಯಲ್ಲಿ ದೂರ ಹೋದರೆ ಇನ್ನೂ ಹೆಚ್ಚು. ಒಟ್ಟು ಮೂರು ಗಂಟೆಯ ಕೆಲಸ, ನೀರಿನೊಳಗೆ ಇರುವುದು ಅರ್ಧ ಗಂಟೆಯಷ್ಟು. ದುಡ್ಡು ಕೊಡುವ ಮೊದಲು ಎರಡು ಪ್ರಶ್ನೆ: ಇಬ್ಬರಿಗೂ ಬೇರೆ ಬೇರೆ ತರಬೇತುದಾರರು ಇರುತ್ತಾರೆಯೇ? ಫೋಟೊ ವಿಡಿಯೊ ದರದಲ್ಲಿ ಸೇರಿದೆಯೇ? ಒಬ್ಬ ತರಬೇತುದಾರ ಇಬ್ಬರನ್ನು ಹಿಡಿದುಕೊಂಡರೆ ಒಬ್ಬರಿಗೆ ಕಿವಿ ನೋವು ಬಂದಾಗ ಇಬ್ಬರೂ ಮೇಲೆ ಬರಬೇಕಾಗುತ್ತದೆ.

ಕೆಡುವುದು ಹೆಚ್ಚಾಗಿ ಕಿವಿಯಲ್ಲೇ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು, ಮೊದಲ ಎರಡು ಮೂರು ಮೀಟರಿನಲ್ಲೇ ಕಿವಿ ತಮಟೆ ಒಳಕ್ಕೆ ಒತ್ತಿಸಿಕೊಳ್ಳುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ನೋವು ಬಂದ ಮೇಲೆ ಊದುವುದು ತಪ್ಪು, ಆಗ ನಾಳ ಮುಚ್ಚಿಕೊಂಡಿರುತ್ತದೆ. ತಲೆ ನೀರಿನೊಳಗೆ ಹೋದ ಕ್ಷಣದಿಂದ ಪ್ರತಿ ಅರ್ಧ ಮೀಟರಿಗೆ ಒಮ್ಮೆ, ನೋವು ಬರುವ ಮುಂಚೆಯೇ ಮಾಡುತ್ತಿರಬೇಕು. ಬಿಟ್ಟುಕೊಳ್ಳದಿದ್ದರೆ ಬಲವಂತ ಮಾಡದೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿ ಇದ್ದರೆ ಆ ದಿನ ಇಳಿಯಲೇಬೇಡಿ. ಅದಕ್ಕೇ ಡೈವಿಂಗನ್ನು ಹ್ಯಾವ್ಲಾಕ್‌ನ ಮೊದಲ ಬೆಳಿಗ್ಗೆ ಇಟ್ಟುಕೊಳ್ಳಬೇಕು, ಆಗದಿದ್ದರೆ ಇನ್ನೊಂದು ಬೆಳಿಗ್ಗೆ ಕೈಯಲ್ಲಿರುತ್ತದೆ.

ಎರಡನೆಯದು ಮುಖವಾಡದೊಳಗೆ ನೀರು. ದಪ್ಪ ಮೀಸೆಯಿದ್ದರೆ ರಬ್ಬರಿನ ಅಂಚು ಚರ್ಮಕ್ಕೆ ಕೂರುವುದಿಲ್ಲ, ಸ್ವಲ್ಪ ಸ್ವಲ್ಪವೇ ನೀರು ಬಂದು ಮೂಗಿನ ಹತ್ತಿರ ನಿಲ್ಲುತ್ತದೆ, ಗಾಬರಿ ಶುರುವಾಗುವುದೇ ಅಲ್ಲಿ. ಮೇಲ್ತುಟಿಯ ಮೇಲೆ ವ್ಯಾಸಲೀನ್ ಹಚ್ಚಿ, ಇಲ್ಲವೇ ಮೂಗಿನ ಬುಡದಲ್ಲಿ ಮೀಸೆಯನ್ನು ಒಂದು ಸಣ್ಣ ಪಟ್ಟಿಯಷ್ಟು ಟ್ರಿಮ್ ಮಾಡಿ. ಹೆಂಗಸರು ಹಣೆಯ ಕೂದಲನ್ನು ಪೂರ್ತಿ ಹಿಂದಕ್ಕೆ ತಳ್ಳಿಕೊಳ್ಳಬೇಕು, ಒಂದೇ ಒಂದು ಎಳೆ ಅಂಚಿನಡಿ ಸಿಕ್ಕರೂ ಸೋರುತ್ತದೆ. ಚಿಕ್ಕ ಮೂಗುತಿ ಪರವಾಗಿಲ್ಲ, ನತ್ತು ತೆಗೆಯಬೇಕು. ತಾಳಿಯನ್ನು ಬಿಚ್ಚಲು ಮನಸ್ಸಿಲ್ಲದಿದ್ದರೆ ವೆಟ್‌ಸೂಟಿನೊಳಗೆ ಸೇರಿಸಿ ಜಿಪ್ ಎಳೆದುಕೊಳ್ಳಿ. ಬಳೆ, ಸಡಿಲ ಉಂಗುರಗಳನ್ನು ರೂಮಿನಲ್ಲೇ ಬಿಡಿ, ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರಿಬಿಡುತ್ತದೆ.

ಕೈಸನ್ನೆಯಲ್ಲಿ ಒಂದು ಎಡವಟ್ಟು ದಿನವೂ ನಡೆಯುತ್ತದೆ. ಚೆನ್ನಾಗಿದೆ ಅಂತ ತೋರಿಸಲು ಹೆಬ್ಬೆರಳು ಎತ್ತುತ್ತಾರೆ. ನೀರಿನೊಳಗೆ ಅದರ ಅರ್ಥ ಮೇಲಕ್ಕೆ ಹೋಗೋಣ ಅಂತ. ತರಬೇತುದಾರ ನಿಮ್ಮನ್ನು ಮೇಲಕ್ಕೆ ಕರೆತರುತ್ತಾನೆ. ಸರಿಯಿದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು, ಉಸಿರು ಹಿಡಿಯಬಾರದು, ಅದರಲ್ಲೂ ಮೇಲೆ ಬರುವಾಗ. ಒತ್ತಡ ಇಳಿದಂತೆ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ಹೊರಗೆ ಬಿಡದಿದ್ದರೆ ಅಪಾಯ.

ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ಫಾರ್ಮಿನಲ್ಲಿ ಮುಚ್ಚಿಡಬೇಡಿ, ಊರಿನಲ್ಲೇ ವೈದ್ಯರ ಒಪ್ಪಿಗೆ ಪತ್ರ ಪಡೆದು ಹೋಗಿ. ಗರ್ಭಿಣಿಯರಿಗೆ, ಇರಬಹುದೆಂಬ ಅನುಮಾನ ಇರುವವರಿಗೂ ಡೈವಿಂಗ್ ಬೇಡವೇ ಬೇಡ. ಡೈವ್ ಆದ ಮೇಲೆ ವಿಮಾನ ಹತ್ತಲು ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚಾಗಿದ್ದರೆ 18 ಗಂಟೆ ಕಳೆಯಬೇಕು. ಒಂದು ಪೂರ್ತಿ ದಿನವೆಂದೇ ಇಟ್ಟುಕೊಳ್ಳಿ.

ಡೈವಿಂಗ್ ಬೇಡ ಅನ್ನುವವರಿಗೆ ಎಲಿಫೆಂಟ್ ಬೀಚಿನ ಸ್ನಾರ್ಕೆಲಿಂಗ್ ಇದೆ. ಜೆಟ್ಟಿಯಿಂದ ದೋಣಿ, ಅಥವಾ ಕಾಡಿನೊಳಗೆ ಎರಡು ಕಿಲೋಮೀಟರಿನಷ್ಟು ನಡಿಗೆ. ಬೆಳಿಗ್ಗೆ ಮೊದಲ ದೋಣಿಗಳಲ್ಲೇ ಹೋಗಿ, ಹತ್ತರ ಮೇಲೆ ಜನರ ಕಾಲಿಗೆ ಮರಳೆದ್ದು ನೀರು ಮಸುಕು. ಬೆನ್ನು ಮೇಲಾಗಿ ತೇಲುವುದರಿಂದ ಕುತ್ತಿಗೆ, ಮೀನಖಂಡದ ಹಿಂಭಾಗ ಸುಡುತ್ತದೆ. ಉದ್ದ ತೋಳಿನ ಈಜು ಅಂಗಿ, ಲೆಗ್ಗಿಂಗ್ಸ್ ಹಾಕಿದರೆ ಲೋಷನ್ ಕೂಡ ಅಷ್ಟು ಬೇಡ. ಹತ್ತಿಯ ಚೂಡಿದಾರ್, ಜೀನ್ಸ್ ನೀರು ಕುಡಿದು ಭಾರವಾಗುತ್ತವೆ. ಮೊಬೈಲಿನ ಪ್ಲಾಸ್ಟಿಕ್ ಚೀಲವನ್ನು ನಂಬುವ ಮೊದಲು ಅದರೊಳಗೆ ಟಿಶ್ಯೂ ಕಾಗದ ಇಟ್ಟು ಬಕೆಟಿನಲ್ಲಿ ಹತ್ತು ನಿಮಿಷ ಮುಳುಗಿಸಿ ನೋಡಿ.

ನೀಲ್‌ನಲ್ಲಿ ಒಂದು ದಿನ

ನೀಲ್ ಚಿಕ್ಕದು, ಸ್ಕೂಟರಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಇಪ್ಪತ್ತು ನಿಮಿಷ. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ತರಕಾರಿ ತೋಟಗಳು, ಗದ್ದೆಗಳು. ಇಲ್ಲಿಯ ದಿನ ಪೂರ್ತಿ ಕಡಲಿನ ಗಡಿಯಾರದ್ದೇ. ಹ್ಯಾವ್ಲಾಕ್‌ನಿಂದ ಹತ್ತಕ್ಕೆ ಬಂದು ಮೂರಕ್ಕೆ ಹೊರಡುವ ಪ್ಯಾಕೇಜುಗಳು ಸೋಲುವುದು ಇಲ್ಲೇ.

ಒಂದು ಭರತಕ್ಕೂ ಮುಂದಿನ ಇಳಿತಕ್ಕೂ ಸುಮಾರು ಆರು ಗಂಟೆ ಹನ್ನೆರಡು ನಿಮಿಷ. ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಇಂದು ಇಳಿತ ಒಂಬತ್ತೂವರೆಗೆ ಆದರೆ ನಾಳೆ ಹತ್ತು ಇಪ್ಪತ್ತಕ್ಕೆ, ನಾಡಿದ್ದು ಹನ್ನೊಂದು ಹತ್ತಕ್ಕೆ. ಪೋರ್ಟ್ ಬ್ಲೇರ್‌ನ ಭರತ ಇಳಿತದ ಪಟ್ಟಿ ಫೋನಿನಲ್ಲೇ ಸಿಗುತ್ತದೆ, ನೀಲ್‌ಗೆ ಅದನ್ನೇ ಹಿಡಿಯಬಹುದು. ಲಕ್ಷ್ಮಣಪುರ ಎರಡನೇ ಬೀಚಿನ ಕಲ್ಲಿನ ಕಮಾನನ್ನು ಇಳಿತದಲ್ಲಿ ನೋಡಬೇಕು, ಭರತಪುರ ಬೀಚಿನ ಹವಳವನ್ನು ನೀರು ತುಂಬಿರುವಾಗ. ಇಳಿತ ಹತ್ತಕ್ಕಿದ್ದರೆ ಒಂಬತ್ತಕ್ಕೆ ಕಮಾನಿಗೆ, ಮಧ್ಯಾಹ್ನ ಮೂರರ ಮೇಲೆ ಭರತಪುರಕ್ಕೆ. ಇಳಿತ ಬೆಳಿಗ್ಗೆ ಐದೂವರೆ, ಸಂಜೆ ಆರಕ್ಕೆ ಬಿದ್ದರೆ ಹತ್ತರಿಂದ ಮೂರರವರೆಗೆ ಬಂದವರಿಗೆ ಕಮಾನಿನ ದಾರಿ ನೀರಿನಡಿ ಇರುತ್ತದೆ. ರಾತ್ರಿ ಉಳಿದವರು ಬೆಳಗಿನ ಐದಕ್ಕೇ ಹೋಗಿ ನೋಡಿಕೊಂಡು ಬರುತ್ತಾರೆ.

ಇಳಿತದ ಹೊತ್ತಿಗೆ ಒಂದು ಗಂಟೆ ಮುಂಚೆ ತಲುಪಿ. ನೀರು ಇನ್ನೂ ಹಿಂದೆ ಸರಿಯುತ್ತಿರುವಾಗ ಹೋಗಿ, ಮತ್ತೆ ಏರಲು ಶುರುವಾದಾಗ ಹೊರಡಬೇಕು. ದಾರಿಯುದ್ದಕ್ಕೂ ಹಾವಸೆ ಹಿಡಿದ ಬಂಡೆ, ಹವಳದ ಚೂಪು. ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಬೇಕು. ಬಿಳಿಯಾಗಿ ಒಣಗಿದ ಕಲ್ಲಿನ ಮೇಲೆ ಕಾಲಿಡಿ, ಹಸಿರು ಕಂದು ಬಣ್ಣದ ಮೇಲೆ ಬೇಡ. ಕಮಾನು ನೋಡುವ ಅವಸರದಲ್ಲಿ ಜನ ಕಾಲಡಿಯ ಕೊಳಗಳನ್ನು ದಾಟಿ ಹೋಗುತ್ತಾರೆ. ಅಂಗೈ ಅಗಲದ ನೀರಿನ ಮುಂದೆ ನೆರಳು ಬೀಳದಂತೆ ಕೂತು ಐದು ನಿಮಿಷ ಸುಮ್ಮನಿದ್ದರೆ ಕಪ್ಪು ಸೌತೆಕಾಯಿಯಂಥ ಕಡಲಸೌತೆ, ಕಲ್ಲಿನ ಸಂದಿಯಿಂದ ಇಣುಕುವ ಏಡಿ, ಉದ್ದ ಮುಳ್ಳಿನ ಕಡಲ ಮುಳ್ಳುಚೆಂಡು, ಅಲ್ಲೇ ಸಿಕ್ಕಿಕೊಂಡ ಪಟ್ಟೆ ಮೀನುಗಳು ಒಂದೊಂದಾಗಿ ಕಾಣಿಸತೊಡಗುತ್ತವೆ. ಜೊತೆಗೆ ಬರುವ ಗೈಡುಗಳು ಅವನ್ನು ಎತ್ತಿ ಕೈಗೆ ಕೊಡಲು ಬಂದರೆ ಬೇಡ ಅನ್ನಿ. ಹವಳ ತರಚಿದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಚೂರು ಉಳಿದಿದ್ದರೆ ತೆಗೆದು, ಆಂಟಿಸೆಪ್ಟಿಕ್ ಹಚ್ಚಿ. ಆ ಗಾಯ ನೋಡಲು ಚಿಕ್ಕದು, ಮಾಯಲು ತಡ.

ಉಳಿದ ಸಣ್ಣಪುಟ್ಟ ವಿಷಯಗಳು. ಚೆನ್ನೈಯಿಂದ ಕಡಲಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಪೋರ್ಟ್ ಬ್ಲೇರ್‌ನಲ್ಲಿ ಇಂಟರ್ನೆಟ್ ಸುಧಾರಿಸಿದೆ, ದ್ವೀಪಗಳಲ್ಲಿ ಈಗಲೂ ಆಗಾಗ ಕೈಕೊಡುತ್ತದೆ. ಯುಪಿಐ ನಂಬಿಕೊಂಡು ಹೋಗದೆ ದಿನಕ್ಕೆ ₹2,000ದಷ್ಟು ನಗದು ಇಟ್ಟುಕೊಳ್ಳಿ, ಹಡಗಿನ ಟಿಕೆಟ್, ನಕ್ಷೆಗಳನ್ನು ಫೋನಿಗೆ ಇಳಿಸಿಕೊಳ್ಳಿ. ಸಸ್ಯಾಹಾರಿಗಳಿಗೆ ಅನ್ನ, ಬೇಳೆ, ತರಕಾರಿಯ ಬಂಗಾಳಿ ಥಾಲಿ, ಇಡ್ಲಿ ದೋಸೆ ಎರಡೂ ಸಿಗುತ್ತವೆ. ಮೀನು ತಿನ್ನುವವರು ಬೀಚಿನ ರೆಸಾರ್ಟ್ ಬಿಟ್ಟು ಗೋವಿಂದನಗರ ಮಾರುಕಟ್ಟೆಯ ಚಿಕ್ಕ ಹೋಟೆಲುಗಳಿಗೆ ಹೋಗಿ, ದರ ಅರ್ಧ. ಏಳನೇ ಬೀಚಿನ ಮರಳಿನಲ್ಲಿ ಸಿಕ್ಕ ಚಿಪ್ಪು, ಹವಳದ ತುಂಡು ಎಷ್ಟೇ ಚೆಂದವಿದ್ದರೂ ಬ್ಯಾಗಿಗೆ ಹಾಕಬೇಡಿ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಬ್ಯಾಗ್ ಬಿಚ್ಚಿಸುತ್ತಾರೆ. ಪೋರ್ಟ್ ಬ್ಲೇರ್‌ನ ಅಂಗಡಿಯಲ್ಲಿ ಕೊಂಡ ಚಿಪ್ಪಿನ ಸಾಮಾನಿಗೆ ಬಿಲ್ ಕೇಳಿ ಪಡೆದು, ಅದನ್ನು ಬೋರ್ಡಿಂಗ್ ಪಾಸಿನ ಜೊತೆಗೇ ಇಟ್ಟುಕೊಳ್ಳಿ.